ರವಿಕೆ ಕಣದೊಳಗಿನ ಚೀಟಿ

ಯಲಹಂಕದಿಂದ ಬಾಗಲೂರಿನವರೆಗೆ ಗೃಹಪ್ರವೇಶ ಇಟ್ಟುಕೊಳ್ಳುವವರು ಮೊದಲು ರಾಹುಕಾಲ ನೋಡುತ್ತಾರೆ. ಆಮೇಲೆ ನನ್ನ ಅತ್ತಿಗೆ ಊರಲ್ಲಿದ್ದಾರೆಯೇ ಎಂದು ವಿಚಾರಿಸುತ್ತಾರೆ. ರಾಹುಕಾಲವಾದರೂ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ!

ಅತ್ತಿಗೆ ಎಂದರೆ ನನ್ನ ಅಣ್ಣನ ಧರ್ಮಪತ್ನಿ. ಬಾಗಲೂರಿನ ಬೇಸಾಯದ ಮನೆಯ ಹೆಣ್ಣು. ತವರಿನ ರಾಗಿ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ; ಹೊಲದ ಆ ತುದಿಯಿಂದ ಈ ತುದಿಗೆ ಕೂಗುತ್ತಿದ್ದ ಕಂಠ ಮಾತ್ರ ಹಾಗೇ ಉಳಿದಿದೆ. ಆ ಕಂಠಕ್ಕೆ ಇರುವುದು ಒಂದೇ ಕಾರ್ಯಕ್ರಮ. ಅವರ ತಂಗಿಗೆ ಎದೆಯಲ್ಲಿ ಗಂಟಾಗಿತ್ತು. ಗಂಡಸರಿರುವ ಮನೆಯಲ್ಲಿ ಹೇಗೆ ಹೇಳುವುದೆಂದು ಆಕೆ ಒಂದು ವರ್ಷ ಮುಚ್ಚಿಟ್ಟಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಕೈಮೀರಿತ್ತು. ಅಂದಿನಿಂದ ಅತ್ತಿಗೆಯದು ಒಂದೇ ಹಟ: ಗುರುತಿನ ಹೆಣ್ಣುಮಕ್ಕಳಲ್ಲಿ ಇನ್ನೊಬ್ಬಳು ನಾಚಿಕೆಯಿಂದ ಸಾಯಕೂಡದು.

ಹಟವೇನೋ ಘನವಾದದ್ದೇ. ಆದರೆ ಅದನ್ನು ಸಾಧಿಸುವುದಕ್ಕೆ ಜಾಗವೆಂಬುದು ಬೇಡವೇ? ಹೆಬ್ಬಾಳದ ಒಂದು ಗೃಹಪ್ರವೇಶದಲ್ಲಿ ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ಮನೆಯೊಡತಿ ಪಾಯಸದ ಸೌಟು ಹಿಡಿದು ಬಂದಳು.

"ಈ ತಿಂಗ್ಳು ಎದೆ ಮುಟ್ಟಿ ನೋಡ್ಕೊಂಡ್ಯೇನೇ?" ಎಂದರು ಅತ್ತಿಗೆ.

ಸೌಟು ಗಾಳಿಯಲ್ಲೇ ನಿಂತಿತು. ಇಡೀ ಪಂಕ್ತಿಯ ಗಂಡಸರು ಒಟ್ಟಿಗೆ ತಲೆ ತಗ್ಗಿಸಿ ತಂತಮ್ಮ ಎಲೆಯನ್ನು ಅಧ್ಯಯನ ಮಾಡತೊಡಗಿದೆವು. ಉಪ್ಪಿನಕಾಯಿಯಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನಿತ್ತೋ!

ಮನೆಗೆ ಬಂದ ಮೇಲೆ ಅಣ್ಣ ಗುಡುಗಿದ. "ನಾಲ್ಕ್ ಜನದ್ ಮುಂದೆ ಆಡೋ ಮಾತೇನೇ ಅದು?"

"ಮಂಡಿನೋವು ಅಂತ ನೀವು ಕಂಡೋರ್ ಮುಂದೆಲ್ಲಾ ಪಂಚೆ ಎತ್ತಿ ತೋರ್ಸಲ್ವಾ? ಅದ್ಯಾವ ಸೀಮೆ ಮರ್ವಾದೆ?"

ಅಣ್ಣ ಪಂಚೆಯನ್ನು ಪಾದದವರೆಗೆ ಇಳಿಬಿಟ್ಟುಕೊಂಡು ಒಳಗೆ ಹೋದ.

ಆದರೂ ಆ ಮಾತು ನಾಟಿತೆಂದು ಕಾಣುತ್ತದೆ. ಅತ್ತಿಗೆ ಗುಪ್ತ ಮಾರ್ಗ ಹಿಡಿದರು. ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ರವಿಕೆ ಕಣ ಕೊಡುವುದು ನಮ್ಮಲ್ಲಿ ವಾಡಿಕೆಯಷ್ಟೆ. ಆ ಸಲದ ನಲವತ್ತು ಕಣಗಳ ಮಡಿಕೆಯೊಳಗೂ ಒಂದೊಂದು ಚೀಟಿ ಕೂತಿತು: "ತಿಂಗಳಿಗೊಂದು ಸಲ ಕನ್ನಡಿ ಮುಂದೆ ನಿಂತು ನಿನ್ನ ಎದೆ ನೀನೇ ಮುಟ್ಟಿ ನೋಡ್ಕೋ. ಗಂಟು ಸಿಕ್ಕಿದರೆ, ನೋವಿಲ್ಲ ಅಂತ ಸುಮ್ಮನಿರಬೇಡ. ಡಾಕ್ಟರ ಹತ್ತಿರ ಹೋಗು."

ಎಂಟು ತಿಂಗಳು ಕಳೆದವು. ಆರ್.ಟಿ. ನಗರದ ಯಾವುದೋ ಸೀಮಂತದಲ್ಲಿ ಅತ್ತಿಗೆಗೆ ಒಂದು ರವಿಕೆ ಕಣ ಬಂತು. ಬಿಚ್ಚಿ ನೋಡಿದರೆ ಒಳಗೆ ಅವರದೇ ಚೀಟಿ! ತಾಂಬೂಲದ ಕಣವನ್ನು ಈ ಭೂಮಂಡಲದಲ್ಲಿ ಯಾರಾದರೂ ಹೊಲಿಸಿದ್ದುಂಟೇ? ಅದು ಬೀರುವಿನಿಂದ ಬೀರುವಿಗೆ ಮಡಿಕೆ ಮುರಿಯದೆ ಸಂಚರಿಸುವ ವಸ್ತು.

"ಇಷ್ಟ್ ಮನೆ ಸುತ್ಕೊಂಡ್ ಬಂದೈತೆ, ಒಬ್ಳಾದ್ರೂ ಬಿಚ್ಚಿಲ್ವಲ್ಲಪ್ಪಾ!" ಎಂದು ಅತ್ತಿಗೆ ನನ್ನೆದುರು ಹಲುಬಿದರು.

"ಒಳ್ಳೆ ಬಟ್ಟೆ ಕೊಡಿ ಅತ್ತಿಗೆ, ಬಿಚ್ತಾರೆ," ಎಂದೆ. ನಾನು ಹೇಳಿದ್ದು ಕುಚೋದ್ಯಕ್ಕೆ. ಅವರು ಕೇಳಿಸಿಕೊಂಡದ್ದು ಉಪದೇಶವೆಂದು.

ಮುಂದಿನ ಗೌರಿಹಬ್ಬಕ್ಕೆ ರೇಷ್ಮೆ ಅಂಚಿನ ಕಣಗಳೇ ಬಂದವು. ನನ್ನ ಹೆಂಡತಿಯ ಪಾಲಿಗೆ ಬಂದದ್ದು ಗಿಣಿಹಸಿರು. ಅದನ್ನು ದಾಟಿಸಲು ಅವಳಿಗೆ ಮನಸ್ಸು ಬರಲಿಲ್ಲ. ದರ್ಜಿಗೆ ಕೊಡುವುದಕ್ಕೆಂದು ಬಿಚ್ಚಿದಳು. ಚೀಟಿ ನನ್ನ ಕಾಲ ಬಳಿ ಬಿತ್ತು. ನಾನು ಎತ್ತಿಕೊಂಡು ಅತ್ತಿಗೆಯ ಧಾಟಿಯಲ್ಲೇ ಗಟ್ಟಿಯಾಗಿ ಓದಿ ನಕ್ಕೆ. ಅವಳು ನಗಲಿಲ್ಲ.

"ಅಕ್ಕಂಗೆ ಫೋನ್ ಮಾಡ್ರೀ," ಎಂದಳು.

"ಯಾಕೇ?"

"ಎಡಗಡೆ ಒಂದು ಗಂಟಿದೆ. ಮೂರು ವಾರ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಗಾ? ನೀವು ಎಲೆ ನೋಡ್ತಾ ಕೂರೋರು."

ನಾನು ಅತ್ತಿಗೆಗೆ ಫೋನ್ ಮಾಡಿದೆ. ಅರ್ಧ ಗಂಟೆಯೊಳಗೆ ಆಟೋದಲ್ಲಿ ಬಂದಿಳಿದ ಅತ್ತಿಗೆ ಯಾರನ್ನೂ ಬೈಯಲಿಲ್ಲ. "ಚಪ್ಲಿ ಆಕ್ಕೋ, ಓಗಾಣ," ಎಂದರು, ಅಷ್ಟೇ. ಸ್ಕ್ಯಾನಿಂಗ್, ಸೂಜಿ ಚುಚ್ಚಿ ತೆಗೆಯುವ ಪರೀಕ್ಷೆ, ಆಮೇಲೆ ವರದಿಗಾಗಿ ಕಾಯುವ ದಿನಗಳು. ಆ ದಿನಗಳಲ್ಲಿ ಅತ್ತಿಗೆಯ ಕಂಠ ಅಡುಗೆಮನೆಯಿಂದ ಪಡಸಾಲೆಗೂ ಕೇಳಿಸುತ್ತಿರಲಿಲ್ಲ.

ವರದಿಯ ದಿನ ಮೂವರೂ ಡಾಕ್ಟರಮ್ಮನ ಎದುರು ಕುಳಿತೆವು.

"ಕ್ಯಾನ್ಸರ್ ಹೌದು," ಎಂದರು ಆಕೆ. "ಆದ್ರೆ ಚಿಕ್ಕದಿದೆ, ಬೇರೆಲ್ಲೂ ಹರಡಿಲ್ಲ. ಆಪರೇಷನ್ ಮಾಡೋಣ, ಆಮೇಲೆ ಟ್ರೀಟ್‌ಮೆಂಟ್. ವಾಸಿಯಾಗುತ್ತೆ ಅನ್ನೋ ನಂಬಿಕೆ ಇದೆ. ಒಳ್ಳೇ ಟೈಮಲ್ಲಿ ಬಂದಿದ್ದೀರಿ."

"ಇನ್ನೊಂದ್ ಸಲ ಏಳಿ," ಎಂದರು ಅತ್ತಿಗೆ.

"ಒಳ್ಳೇ ಟೈಮಲ್ಲಿ ಬಂದಿದ್ದೀರಮ್ಮ."

"ಇನ್ನೊಂದೇ ಒಂದ್ ಸಲ ಏಳಿ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಅತ್ತಿಗೆಯ ಮುಖವನ್ನೇ ನೋಡುತ್ತ, ಮೂರನೆಯ ಸಲ ನಿಧಾನವಾಗಿ ಹೇಳಿದರು. ತಂಗಿ ಹೋದ ದಿನವೂ ನಮ್ಮೆದುರು ಅಳದಿದ್ದ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದರು. ನನ್ನ ಹೆಂಡತಿ ಕುರ್ಚಿಯನ್ನು ಅವರ ಹತ್ತಿರಕ್ಕೆಳೆದುಕೊಂಡು, "ಬಂದಿದ್ದೀವಲ್ಲ ಅಕ್ಕಾ, ಬಂದಿದ್ದೀವಲ್ಲ," ಎಂದು ಬೆನ್ನು ಸವರುತ್ತ ಕುಳಿತಳು.