ಹತ್ತರಿಂದ ತೊಂಬತ್ತೊಂಬತ್ತರವರೆಗೆ

ಬೀಜಗಣಿತ ಕಲಿಸುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಕ್ಕ ಮೇಲೆ ಸಂಕಟವಾಗುವುದೇ ಹೆಚ್ಚು.

ಇಳಕಲ್‌ನಲ್ಲಿ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟುವವರಿಗೆ ಸಂಜೆ ಗಣಿತ ಹೇಳಿಕೊಡುತ್ತೇನೆ. ಗ್ರಾನೈಟ್ ಕಾರ್ಖಾನೆಯ ಕೆಲಸಗಾರನೊಬ್ಬ ಬರುತ್ತಿದ್ದ. ನಲವತ್ತು ದಾಟಿದವನು. ಕಲ್ಲಿನ ಧೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು. ಮಷಿನ್ ಬಿಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ಪಾಸಾದರೆ ಆಫೀಸಿನೊಳಗೆ ಕೂಡಿಸುತ್ತೇನೆ ಎಂದು ಮಾಲೀಕ ಮಾತು ಕೊಟ್ಟಿದ್ದ. ಉಳಿದಿದ್ದು ಗಣಿತ ಒಂದೇ.

೧. ಅಳತೆ ಮಾಡದ ಕಲ್ಲು

ಒಂದು ಲೆಕ್ಕ ಕೊಟ್ಟೆ. ಎರಡಂಕಿಯ ಸಂಖ್ಯೆ, ಅಂಕಿಗಳ ಮೊತ್ತ ಒಂಬತ್ತು. ಅಂಕಿಗಳನ್ನು ಅದಲುಬದಲು ಮಾಡಿದರೆ ಇಪ್ಪತ್ತೇಳು ಹೆಚ್ಚಾಗುತ್ತದೆ.

"ಮೊದಲನೇ ಅಂಕಿ ಎಕ್ಸ್ ಇರ್ಲಿ ಅಂತ ಬರಿಯಪಾ" ಎಂದೆ.

"ಅದು ಎಷ್ಟಂತ ಗೊತ್ತಿಲ್ಲಲ್ರಿ ಸರ್?"

"ಗೊತ್ತಿಲ್ಲಂತನ ಎಕ್ಸ್."

"ಅಳತಿ ಮಾಡದ ಕಲ್ಲಿನ ಮ್ಯಾಲೆ ನಾವು ಏನೂ ಬರಿಯಂಗಿಲ್ರಿ. ಬರದ್ರ ಮಾಲಕರು ಮನಿಗೆ ಕಳಸ್ತಾರ."

೨. ಬದನೆಕಾಯಿ

ಅವನು ಹತ್ತರಿಂದ ಶುರು ಮಾಡಿದ. ಒಂದೊಂದೇ ಸಂಖ್ಯೆ ಬರೆದು, ಅದಲುಬದಲು ಮಾಡಿ, ಕಳೆದು, ಕೂಡಿಸಿ, ಸರಿಯಿಲ್ಲವೆಂದು ಗೀಟು ಹಾಕಿದ. ಕಾರ್ಖಾನೆಯಲ್ಲಿ ಕಲ್ಲಿನ ಬಿರುಕು ಹುಡುಕುವುದೂ ಹೀಗೇ, ಒಂದು ಚಪ್ಪಡಿಯನ್ನೂ ಬಿಡುವಂತಿಲ್ಲ. ಮೂವತ್ತಾರಕ್ಕೆ ಬಂದಾಗ ಉತ್ತರ ಸಿಕ್ಕಿತು. ಅಷ್ಟರಲ್ಲಿ ಉಳಿದವರೆಲ್ಲ ಮನೆ ಸೇರಿದ್ದರು.

ಅವನ ಹೆಂಡತಿ ಸೀರೆ ನೇಯುವವಳು. ಅವಳಾದರೂ ತಿಳಿಹೇಳಲಿ ಎಂದು ಅವಳ ಮುಂದೆ ಗೋಳು ತೋಡಿಕೊಂಡೆ.

"ನಿಮಗ ಈಗ ಗೊತ್ತಾತೇನ್ರಿ ಸರ್? ಬದನಿಕಾಯಿ ತರಾಕ ಹೋದ್ರ ರಾಶಿ ಎಲ್ಲಾ ತಿರುವಿ ನೋಡ್ತಾರ್ರಿ. ಸಂತ್ಯಾಗ ಇವರನ್ನ ಕಂಡ್ರ ಕಾಯಿಪಲ್ಯೆದಾಕಿ ಬುಟ್ಟಿ ಮುಚ್ಚತಾಳ."

೩. ಮೂರು ಅಂಕ

ಪರೀಕ್ಷೆಯಲ್ಲಿ ಅದೇ ಜಾತಿಯ ಲೆಕ್ಕ ಬಂತು. ಮೊತ್ತ ಹದಿನಾಲ್ಕು, ಅದಲುಬದಲು ಮಾಡಿದರೆ ಮೂವತ್ತಾರು ಕಡಿಮೆ. ಅವನು ಹತ್ತರಿಂದ ಹೊರಟು ಎಂಬತ್ತೊಂದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ತೊಂಬತ್ತೈದು. ಮೂರೇ ಅಂಕದಲ್ಲಿ ಫೇಲಾದ. ಆ ಲೆಕ್ಕಕ್ಕಿದ್ದದ್ದೂ ಮೂರೇ ಅಂಕ.

ಸುದ್ದಿ ಹೇಳಲು ಬಂದವನು ಬಾಗಿಲಲ್ಲೇ ಕೆಮ್ಮುತ್ತಾ ನಿಂತ. ನನಗೆ ಸಿಟ್ಟು ಬಂತು.

"ಎಕ್ಸ್ ಅಂತೂ ಬ್ಯಾಡ. ತೊಂಬತ್ತೊಂಬತ್ತರಿಂದರ ಹಿಂದಕ್ಕ ಬರಬೇಕಿತ್ತಿಲ್ಲೋ?" ಎಂದೆ.

"ಹೋದ ವರ್ಷ ಹಂಗ ಮಾಡಿದ್ದೆನ್ರಿ ಸರ್. ಆಗ ಉತ್ತರ ಹದಿಮೂರಿತ್ತು."

ಅವನು ಕೆಮ್ಮು ನಿಲ್ಲುವವರೆಗೆ ಕಾದು, ನನ್ನ ಮುಖ ನೋಡಿ, ನನಗೇ ಧೈರ್ಯ ಹೇಳಿದ:

"ಚಿಂತಿ ಮಾಡಬ್ಯಾಡ್ರಿ ಸರ್. ಮುಂದಿನ ಸಲ ನಡುವಿಂದ ಶುರು ಮಾಡ್ತೇನಿ."