ಅಟ್ಟಕ್ಕೆ ಬಿಟ್ಟ ಬಚ್ಚಲಿನ ಪೈಪು

ಮನಸ್ಸಿನ ಮಾತನ್ನು ಬಾಯಿಬಿಟ್ಟು ಆಡಲು ಬಚ್ಚಲುಮನೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ. ಚಿಲಕ ಹಾಕಿಕೊಂಡರೆ ನಮ್ಮದೇ ರಾಜ್ಯ. ಆಲೂರಿನ ಬಸ್ಸು ಹಿಡಿದು ಕೆಲಸಕ್ಕೆ ಹೊರಡುವ ಮೊದಲು ಅಲ್ಲಿ ಒಂದಿಷ್ಟು ಗೊಣಗಿಕೊಂಡರೇ ನನಗೆ ದಿನ ಹಗುರ.

ಪಾಳ್ಯದ ನಮ್ಮ ಮನೆಯ ಬಚ್ಚಲಲ್ಲಿ ಹೋದ ವರ್ಷದವರೆಗೂ ಹಂಡೆ ಒಲೆಯಿತ್ತು. ಅದರ ಹೊಗೆ ಅಟ್ಟಕ್ಕೇರಿ ಅತ್ತೆಯ ಬೀಜದ ಗಂಟುಗಳನ್ನು ಹುಳ ಮುಟ್ಟದಂತೆ ಕಾಯುತ್ತಿತ್ತು. ಅದರಲ್ಲೂ ಸೌತೆಬೀಜವೆಂದರೆ ಅವರಿಗೆ ಪ್ರಾಣ. ಮದುವೆಯಾಗಿ ಬರುವಾಗ ಹೊಂಗಡಹಳ್ಳದ ತವರಿನಿಂದ ಸೆರಗಿಗೆ ಕಟ್ಟಿಕೊಂಡು ಬಂದ ತಳಿ. ಈಗ ತವರಿನಲ್ಲೂ ಅದಿಲ್ಲ. ಒಲೆ ಹೋಗಿ ಗೀಸರ್ ಬಂತು, ಹಿಂದೆಯೇ ಎಕ್ಸಾಸ್ಟ್ ಫ್ಯಾನೂ ಬಂತು. ನನ್ನ ಗಂಡ ಅದರ ಪೈಪನ್ನು ಗೋಡೆಯಾಚೆ ಬಿಡಲು ಹೊರಟಾಗ ಅತ್ತೆ ತಡೆದರು. "ಬಚ್ಲು ಬಿಸಿ ಹೊರಕ್ಯಾಕೋ ಬುಡ್ತೀಯ? ಅಟ್ಟಕ್ಕೆ ಬುಡು, ಬೀಜ ಬೆಚ್ಚಗಿರ್ತಾವೆ." ಅವ್ವನ ಮಾತು ಮೀರದ ಅವರು ಹಾಗೆಯೇ ಮಾಡಿದರು.

ಹೊಗೆ ಒಣಗಿಸುತ್ತದೆ, ಹಬೆ ನೆನೆಸುತ್ತದೆ ಎಂಬುದು ನಮ್ಮ ಮೂವರಿಗೂ ಹೊಳೆಯಲಿಲ್ಲ. ಮೊನ್ನೆ ಅಟ್ಟ ಹತ್ತಿದರೆ ತೊಲೆಗಳೆಲ್ಲ ಬೆವೆತಿವೆ, ಸೌತೆಬೀಜದ ಗಂಟಿಗೆ ಬೂಷ್ಟು ಹಿಡಿದಿದೆ! ಬೀಜ ಹೋದದ್ದು ಒಂದು ಸಂಕಟ. ತನ್ನ ಮಾತಿನಿಂದಲೇ ಹೋಯಿತೆಂದು ಆ ಜೀವಕ್ಕೆ ತಿಳಿಯುವುದು ಅದಕ್ಕಿಂತ ದೊಡ್ಡದು. "ನೀನೇ ಹೇಳು ಮಾರಾಯ್ತಿ" ಎಂದು ಗಂಡ ಜಾರಿಕೊಂಡರು.

ಬೆಳಿಗ್ಗೆ ಬಚ್ಚಲಲ್ಲಿ ಫ್ಯಾನ್ ಆರಿಸಿ, ಸುಳ್ಳಿನ ಅಭ್ಯಾಸ ಶುರುಮಾಡಿದೆ. "ಅತ್ತೆ, ಬೀಜಕ್ಕೆ ಬೂಷ್ಟು ಹಿಡಿದಿದೆ. ಆ ಫ್ಯಾನೇ ಸರಿಯಿಲ್ಲ. ಅಂಗಡಿಯವನು ಮೋಸ ಮಾಡಿದ." ಅಳುವ ದನಿಯಲ್ಲಿ ಒಮ್ಮೆ, ಸಿಟ್ಟಿನ ದನಿಯಲ್ಲಿ ಒಮ್ಮೆ ಹೇಳಿ ನೋಡಿದೆ.

ತಲೆ ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದರೆ ಅತ್ತೆ ರೊಟ್ಟಿ ತಟ್ಟುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಆ ಅಂಗಡಿಯೋನ್ನ ಬುಟ್ಬುಡವ್ವ, ಪಾಪ" ಎಂದರು. ನಾನು ಮೇಲೆ ನೋಡಿದೆ. ಅಡುಗೆಮನೆಗೂ ಬಚ್ಚಲಿಗೂ ಒಂದೇ ಅಟ್ಟ. ಅಡುಗೆಮನೆಯ ಕಡೆ ಅದರ ಬಾಯಿ ತೆರೆದೇ ಇತ್ತು; ನನ್ನ ಮಾತೆಲ್ಲ ಪೈಪು ಹಿಡಿದು ಅಟ್ಟಕ್ಕೇರಿ ಇಲ್ಲಿಗೆ ಇಳಿದಿತ್ತು. "ಅಟ್ಟಕ್ಕೆ ಬುಡು ಅಂದೋಳು ನಾನೇ ಕಣವ್ವ. ನಂಗೋಸ್ಕರ ಎಷ್ಟು ಕಷ್ಟಪಟ್ಟು ಸುಳ್ಳು ಕಲೀತಿದ್ದೀಯ!" ಅವರು ನಗುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು.

ಭಾನುವಾರ ಗಂಡ ಗೋಡೆ ಕೊರೆದು ಪೈಪಿನ ಬಾಯನ್ನು ಹೊರಕ್ಕೆ, ಕೆಳಮುಖವಾಗಿ ತಿರುಗಿಸಿದರು. ಅತ್ತೆ ಬೀಜವನ್ನೆಲ್ಲ ತೊಳೆದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಹೆಚ್ಚಿನವು ಕೊಳೆತೇ ಹೋದವು. ಒಂದು ಚಿಟಿಕೆಯಷ್ಟು ಮೊಳಕೆಯೊಡೆದವು. ಅವನ್ನು ನನ್ನ ಅಂಗೈಗೆ ಹಾಕಿ, "ಈ ಸಲ ನೀನೇ ಊರು" ಎಂದರು. ಅವರ ತವರನ್ನೇ ನನ್ನ ಕೈಗೆ ಕೊಟ್ಟಂತಾಗಿ ನಾನು ಕರಗಿ ನಿಂತಿರುವಾಗಲೇ ಮೆಲ್ಲಗೆ ಸೇರಿಸಿದರು: "ಹಂಗೇಯ, ನನ್ ಸಾರು ಬರೀ ನೀರು ಅಂತ ದಿನಾ ಬೆಳಿಗ್ಗೆ ಹೇಳ್ಕತಿದ್ಯಲ್ಲ, ಇವತ್ತು ಬ್ಯಾಳೆ ಜಾಸ್ತಿ ಹಾಕಿವ್ನಿ."

ಈಗ ಪೈಪು ಗೋಡೆಯಾಚೆಗಿದೆ, ಅಡುಗೆಮನೆಗೆ ಏನೂ ಕೇಳಿಸುವುದಿಲ್ಲ. ಆದರೂ ನಾನು ಅತ್ತೆಯ ಸಾರನ್ನು ಜೋರಾಗಿ ಹೊಗಳಿಕೊಂಡೇ ಸ್ನಾನ ಮಾಡುತ್ತೇನೆ.