ಮೆತೋದಿ ಮಾವನವರನ್ನು ತೊಳೆದ ದಿನ

ಸುಮ್ಮನೆ ಧೂಳು ಒರೆಸಿ ಇಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂದು ಬೆಳಿಗ್ಗೆ ಮೆತೋದಿಗೆ ಒಳ್ಳೆಯ ಅಳಿಯ ಅನ್ನಿಸಿಕೊಳ್ಳುವ ಚಪಲ ಹುಟ್ಟಿತು.

ಎಂಟು ಗಂಟೆಗೆ ಹಳ್ಳಿಯಿಂದ ಅತ್ತೆ ವೆಲಿಚ್ಕ ಫೋನ್ ಮಾಡಿದ್ದರು. ಹೆಂಡತಿ ಸ್ನೆಜಾನ ಔಷಧಿ ಅಂಗಡಿಯ ಶನಿವಾರದ ಪಾಳಿಗೆ ಆಗಲೇ ಹೊರಟುಹೋಗಿದ್ದಳು.

"ಅಳಿಯಂದ್ರೇ, ನಾಲ್ಕು ಗಂಟೆ ಬಸ್ಸಿಗೆ ಬರ್ತಾ ಇದೀನಿ. ನಲವತ್ತು ಕಿಲೋ ಮೆಣಸಿನಕಾಯಿ. ನಮ್ಮವರನ್ನ ಮೆಲ್ಲಗೆ ಕೆಳಗಿಳಿಸಿ ಇಡಿ."

"ಆಗಲಿ ಅತ್ತೆ."

"ತಲೆಕೆಳಗು ಮಾಡ್ಬೇಡಿ ಮತ್ತೆ. ಅವರಿಗೆ ಮೊದಲಿಂದ್ಲೂ ತಲೆಸುತ್ತು. ಬುರ್ಗಾಸಿಂದ ನನ್ನ ತಂಗಿ ದಿನಾ ಫೋನ್ ಮಾಡ್ತಾಳೆ, ಸಮುದ್ರದ ಗಾಳಿಗೆ ಬಾ ಅಂತ. ನಂಗೆಲ್ಲಿದೆ ಪುರುಸೊತ್ತು! ಸರಿ, ಇಡ್ತೀನಿ."

ಅಂದವರು ಇನ್ನೂ ಇಪ್ಪತ್ತು ನಿಮಿಷ ಮಾತಾಡಿದರು.

'ನಮ್ಮವರು' ಎಂದರೆ ಮಾವ ಡೊಬ್ರಿ. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕಪಾಟಿನ ಮೇಲೆ ಕೂತಿದ್ದದ್ದು ಅವರು ತಮ್ಮ ಕೈಯಾರೆ ತಂತಿ ಸುತ್ತಿ ಮಾಡಿದ್ದ ಚುಷ್ಕೊಪೆಕ್, ಅಂದರೆ ಮೆಣಸಿನಕಾಯಿ ಸುಡುವ ಯಂತ್ರ. ನೋಡುವುದಕ್ಕೆ ಮುಚ್ಚಳವಿರುವ ಒಂದು ಮೋಟು ಡಬ್ಬ. ಒಳಗೆ ಜೇಡಿಮಣ್ಣಿನ ಕೊಳವೆ, ಅದರ ಸುತ್ತ ಕೆಂಪಗೆ ಕಾಯುವ ತಂತಿ. ದಪ್ಪ ಸಿಹಿ ಮೆಣಸಿನಕಾಯಿಯೊಂದನ್ನು ಒಳಗೆ ಇಳಿಬಿಟ್ಟು ಐದು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ಕಪ್ಪಾಗಿ ತಾನೇ ಕಳಚಿಕೊಳ್ಳುತ್ತದೆ. ಅಷ್ಟೇ ಅದರ ವಿದ್ಯೆ. ಹಾಲು ಕಾಯಿಸು ಅಂದರೆ ಬಾರದು, ಬ್ರೆಡ್ಡು ಬಿಸಿಮಾಡು ಅಂದರೆ ಬಾರದು. ವರ್ಷಕ್ಕೆ ಹನ್ನೊಂದು ತಿಂಗಳು ಸುಮ್ಮನೆ ಕೂತು ಧೂಳು ತಿನ್ನುತ್ತದೆ.

ಆದರೂ ನೋಡಿ, ಕಷ್ಟ ಬಂದಾಗ ಟೀವಿ ಮಾರಿದವರುಂಟು, ಫ್ರಿಜ್ಜು ಮಾರಿದವರುಂಟು. ಚುಷ್ಕೊಪೆಕ್ ಮಾರಿದವರನ್ನು ನಮ್ಮ ಸೋಫಿಯಾ ನಗರದಲ್ಲಿ ನಾನಂತೂ ಕಂಡಿಲ್ಲ. ನಮ್ಮ ಅಜ್ಜಿಯಂದಿರು ಒಲೆಯ ಮೇಲೆ ತಗಡಿಟ್ಟು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಇಡೀ ದಿನ ಸುಡುತ್ತಿದ್ದರು. ಈ ಡಬ್ಬ ಬಂದ ಮೇಲೆ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಹರಟುತ್ತ ಸುಡತೊಡಗಿದರು. ಸೆಪ್ಟೆಂಬರ್ ಬಂತೆಂದರೆ ಸಾಲು ಸಾಲು ಕಾಂಕ್ರೀಟು ಕಟ್ಟಡಗಳ ಒಂದೊಂದು ಬಾಲ್ಕನಿಯಿಂದಲೂ ಅದೇ ಸಿಹಿ ಕಮಟು ವಾಸನೆ. ಚಳಿಗಾಲವಿಡೀ ಬ್ರೆಡ್ಡಿಗೆ ಹಚ್ಚಿಕೊಳ್ಳುವ ಲ್ಯುತೆನಿತ್ಸ ಗೊಜ್ಜು ಹುಟ್ಟುವುದು ಆ ವಾಸನೆಯಿಂದಲೇ. ಇನ್ನು ಪ್ರೀತಿ ಇಲ್ಲದೆ ಇರುತ್ತದೆಯೇ?

ಹಳ್ಳಿಯ ಕರೆಂಟಿಗೆ ತ್ರಾಣವಿಲ್ಲವೆಂದು ಅತ್ತೆ ಯಂತ್ರವನ್ನು ಮಗಳ ಮನೆಯಲ್ಲಿ ಇಟ್ಟಿದ್ದರು. ಪ್ರತಿವರ್ಷ ಬಂದಾಗಲೂ ಮುಚ್ಚಳ ಸವರುತ್ತ ಒಂದೇ ಮಾತು: "ಇವರು ಉರೀತಾ ಇರೋ ತನಕ ನಾನು ಹಳ್ಳಿ ಬಿಡಲ್ಲ. ಇವರು ಆರಿದ ದಿನ ಮನೆಗೆ ಬೀಗ." ಹಾಗೆನ್ನುವಾಗ ಅವರ ಕಣ್ಣು ಮೆತೋದಿಯ ಚಿಕ್ಕ ಕೋಣೆಯ ಕಡೆ ಹರಿದ ಹಾಗೆ ಕಾಣುತ್ತಿತ್ತು.

ಆ ಚಿಕ್ಕ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಚದುರಂಗದ ಮಣೆ ಇದ್ದವು. ದಿನವಿಡೀ ಮನೆಮನೆಯ ನೀರಿನ ಮೀಟರು ಓದಿ ಬೈಸಿಕೊಂಡು ಬರುವ ಮೆತೋದಿಯನ್ನು ಯಾರೂ ಮಾತಾಡಿಸದ ಜಾಗ ಇಡೀ ಲೋಕದಲ್ಲಿ ಅದೊಂದೇ. ಎರಡು ವರ್ಷದ ಹಿಂದೆ ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಬಂದು ಮೂರು ವಾರ ಆ ಕೋಣೆಯಲ್ಲಿ ಮಲಗಿದ್ದರು. ಮೆತೋದಿ ಬಚ್ಚಲುಮನೆಯ ವಾಷಿಂಗ್ ಮೆಷಿನ್ನಿನ ಮೇಲೆ ಮಣೆ ಹಾಸಿಕೊಂಡು ಆಡಿದ. ಮೆಷಿನ್ನು ಬಟ್ಟೆ ಹಿಂಡಲು ಶುರುಮಾಡಿದರೆ ರಾಜ, ಮಂತ್ರಿ, ಕುದುರೆ ಎಲ್ಲ ಒಟ್ಟಿಗೇ ನೆಲಕ್ಕೆ ಹಾರುತ್ತಿದ್ದವು. ಮೂರೇ ವಾರಕ್ಕೆ ಆತ ನಾಲ್ಕು ಕಿಲೋ ಇಳಿದಿದ್ದ. ಜೀವನಪರ್ಯಂತ ಅಂದರೆ ಏನು ಗತಿ?

ಅಂಥ ಯಂತ್ರವನ್ನು ಕೆಳಗಿಳಿಸಿ ಮೆತೋದಿ ಒಳಗೆ ಇಣುಕಿದ. ಮೂವತ್ತು ವರ್ಷದ ಮಸಿ! ಅತ್ತೆಗೆ ಖುಷಿಯಾಗಲಿ ಎಂದು ಬ್ರಷ್ಷು, ಸಾಬೂನು, ಎರಡು ಬಕೆಟ್ ನೀರು ತಂದು, ಮಗುವಿಗೆ ಎರೆದ ಹಾಗೆ ಎರೆದು ತೊಳೆದ. ಚುಷ್ಕೊಪೆಕ್ ತೊಳೆಯಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಇಪ್ಪತ್ತೆರಡು ವರ್ಷ ನೀರಿನ ಇಲಾಖೆಯಲ್ಲಿ ದುಡಿದವನಿಗೆ ನೀರಿನ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ. ಬೇಗ ಒಣಗಲಿ ಎಂದು ಪ್ಲಗ್ಗು ಚುಚ್ಚಿದ.

ಢಬ್!

ಡಬ್ಬದೊಳಗೆ ನೀಲಿ ಮಿಂಚು, ಮೇಲೆ ಒಂದು ಎಳೆ ಹೊಗೆ. ಆಮೇಲೆ ಮೌನ. ಬಾನುಲಿ ನಿಂತಿತ್ತು, ಫ್ರಿಜ್ಜು ನಿಂತಿತ್ತು. ಮೇಲಿನ ಬಾಲ್ಕನಿಯಿಂದ ಒಂದು ಹೆಣ್ಣು ದನಿ ಕೂಗಿತು: "ಯಾರ ಮನೆ ಹಾಳಾಯ್ತೋ, ನನ್ನ ಮೆಣಸಿನಕಾಯಿ ಅರ್ಧಕ್ಕೇ ನಿಂತುಹೋಯ್ತಲ್ಲೋ!"

ಇಡೀ ಕಟ್ಟಡದ ಕರೆಂಟು ಹೋಗಿತ್ತು. ಅದೂ ಸೆಪ್ಟೆಂಬರಿನ ಶನಿವಾರ, ಹದಿನೆಂಟು ಬಾಲ್ಕನಿಗಳಲ್ಲಿ ಹದಿನೆಂಟು ಯಂತ್ರ ಉರಿಯುತ್ತಿದ್ದ ಹೊತ್ತು. ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಶುರುವಾಯಿತು, ಮೆತೋದಿಯೂ ಹೊರಬಂದ. ಲಿಫ್ಟಿನೊಳಗಿನಿಂದ ಯಾರೋ ದಬದಬ ಬಡಿಯುತ್ತಿದ್ದರು.

"ರಾಯ್ನಕ್ಕ ಒಳಗಿದಾರೆ!" ಎಂದು ಯಾರೋ ಅಂದರು. ಮೆತೋದಿಯ ಜೀವ ಬಾಯಿಗೆ ಬಂತು. ರಾಯ್ನ ಕಟ್ಟಡದ ಮೇಲ್ವಿಚಾರಕಿ. ಯಾರು ಮೆಟ್ಟಿಲು ಗುಡಿಸಿಲ್ಲ, ಯಾರು ಕಸ ಎಲ್ಲಿ ಚೆಲ್ಲಿದರು ಎಂದೆಲ್ಲ ನೋಟೀಸು ಬರೆದು ಬಾಗಿಲಿಗೆ ಅಂಟಿಸುವುದೇ ಆಕೆಯ ಕಸುಬು.

"ಯಾರ ಯಂತ್ರ ಅದು? ಹೆಸರು ಹೇಳ್ರಿ!" ಎಂದು ಲಿಫ್ಟು ಗುಡುಗಿತು.

"ಗೊತ್ತಿಲ್ಲ ರಾಯ್ನಕ್ಕ, ನಂದಂತೂ ಅಲ್ಲ," ಎಂದ ಮೆತೋದಿ. ಮೊಣಕೈವರೆಗೂ ನೆನೆದ ಅವನ ಅಂಗಿಯ ತೋಳಿನಿಂದ ಮಸಿ ನೀರು ತೊಟ್ಟಿಕ್ಕುತ್ತಿತ್ತು.

ಅದನ್ನು ನೋಡಿದವರು ಒಬ್ಬರೇ, ಪಕ್ಕದ ಮನೆಯ ಸ್ಟಾಮೆನ್ ಮಾವ. ಮೂವತ್ತೈದು ವರ್ಷ ಟ್ರ್ಯಾಮ್ ಓಡಿಸಿ ನಿವೃತ್ತರಾದವರು. ಟ್ರ್ಯಾಮು ಓಡುವುದು ಕರೆಂಟಿನಿಂದ, ಆದ್ದರಿಂದ ಕರೆಂಟಿನ ವಿಷಯವೆಲ್ಲ ತಮಗೆ ಗೊತ್ತು ಎಂಬುದು ಅವರ ಲೆಕ್ಕಾಚಾರ. ಗಾಳಿ ಮೂಸುತ್ತ ಮೆತೋದಿಯ ಹಿಂದೆಯೇ ಮನೆಯೊಳಗೆ ಬಂದುಬಿಟ್ಟರು.

"ತೊಳೆದ್ಯೇನಯ್ಯಾ?"

ಮೆತೋದಿ ತಲೆ ತಗ್ಗಿಸಿದ.

"ಸಾಬೂನು ಬೇರೆ ಹಾಕಿದ್ಯಾ? ಅಯ್ಯೋ ಪುಣ್ಯಾತ್ಮ! ಡೊಬ್ರಿ ಬದುಕಿದ್ದಾಗ್ಲೇ ವಾರಕ್ಕೊಂದ್ಸಲ ಸ್ನಾನ ಮಾಡೋನು, ಸತ್ತ ಮೇಲೆ ಯಾಕಯ್ಯಾ ಅವನಿಗೆ ಈ ಶಿಕ್ಷೆ?"

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾಲ್ಕು ಗಂಟೆಗೆ ಅತ್ತೆ ಬರ್ತಾರೆ. ಇದು ಉರೀಲಿಲ್ಲ ಅಂದ್ರೆ ಆ ಕೋಣೆ ಹೋಯ್ತು, ನಾನೂ ಹೋದೆ."

ಸ್ಟಾಮೆನ್ ಮಾವ ಡಬ್ಬ ಬಿಚ್ಚಿ ನೋಡಿದರು. ತಂತಿ ಮೂರು ಕಡೆ ಕಡಿದಿತ್ತು, ಮಣ್ಣಿನ ಕೊಳವೆ ಉದ್ದಕ್ಕೆ ಸೀಳಿತ್ತು. "ಹೊಸ ತಂತಿ ಬೇಕು. ಅಂಗಡಿ ಇನ್ನು ಸೋಮವಾರವೇ," ಎಂದವರು, ಮೆತೋದಿಯ ಮುಖ ನೋಡಿ ಕರಗಿದರು. "ಇರು. ರಿಟೈರ್ ಆದ ದಿನ ನನ್ನ ಟ್ರ್ಯಾಮಿನ ಸೀಟಿನ ಕೆಳಗಿದ್ದ ಹೀಟರ್ ತಂತಿನ ಬಿಚ್ಚಿ ತಂದಿದ್ದೆ, ನೆನಪಿಗಿರಲಿ ಅಂತ. ಮೂವತ್ತು ಚಳಿಗಾಲ ನನ್ನ ಬೆಚ್ಚಗಿಟ್ಟ ತಂತಿ ಕಣಯ್ಯ. ಅರ್ಧ ಕತ್ತರಿಸಿ ನಿನ್ನ ಮಾವನಿಗೆ ಕೊಡ್ತೀನಿ." ಹೇಳುತ್ತ ಅವರ ಕಣ್ಣಂಚು ಒದ್ದೆಯಾಯಿತು.

ಯಂತ್ರ ಪಕ್ಕದ ಮನೆಗೆ ಹೋಯಿತು. ಅಷ್ಟರಲ್ಲಿ ಲಿಫ್ಟಿನವರು ಬಂದು ರಾಯ್ನಳನ್ನು ಹೊರಗೆ ತೆಗೆದರು. ಆಕೆ ಅತ್ತಿತ್ತ ನೋಡದೆ ನೇರವಾಗಿ ನಾಲ್ಕನೇ ಮಹಡಿಗೆ ಹತ್ತಿ, ಮೆತೋದಿಯ ಅಂಗಿ ನೋಡಿ, "ಹೂಂ," ಎಂದಳು. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಎರಡು ಗಂಟೆ ಆ ಗೂಡಲ್ಲಿ ನಿಂತಿದೀನಿ. ನೋಟೀಸ್ ಹಾಕ್ಲಾ? ನಿಮ್ಮತ್ತೆ ಬರೋ ಹೊತ್ತಿಗೆ ಸರಿಯಾಗಿ ಕೆಳಗಿನ ಬಾಗಿಲಿಗೇ ಹಾಕ್ತೀನಿ. ಅವರಿಗೆ ಕನ್ನಡಕ ಇಲ್ದೇನೂ ಕಾಣೋ ಹಾಗೆ ಬರೀತೀನಿ."

"ಬೇಡಿ ರಾಯ್ನಕ್ಕ, ಬೇಡಿ!"

"ಹಾಗಾದ್ರೆ ಹೊಸ ವರ್ಷದ ತನಕ ಮೆಟ್ಟಿಲು ಗುಡಿಸೋದು ನೀವೇ. ಆರೂ ಮಹಡಿ."

ಮೆತೋದಿ ಒಪ್ಪಿದ. ಆ ಹೊತ್ತಿನಲ್ಲಿ ಬೀದಿ ಗುಡಿಸು ಅಂದಿದ್ದರೂ ಒಪ್ಪುತ್ತಿದ್ದ.

ಮಧ್ಯಾಹ್ನ ಕರೆಂಟು ಬಂತು. ಮೂರು ಗಂಟೆಗೆ ಆತ ಪಕ್ಕದ ಮನೆಗೆ ಹೋಗಿ ನೋಡಿದ. ಸ್ಟಾಮೆನ್ ಮಾವ ಒಲೆಗೆ ಬಳಿಯುವ ಮಣ್ಣಿನಿಂದ ಸೀಳು ಮೆತ್ತಿ, ಹೇರ್ ಡ್ರೈಯರ್ ಹಿಡಿದು ಒಣಗಿಸುತ್ತಿದ್ದರು. "ಇನ್ನೊಂದು ಗಂಟೆ," ಎಂದರು. ಸರಿಯಾಗಿ ಆಗಲೇ ಮೆಟ್ಟಿಲ ಮೇಲೆ ಆ ದನಿ ಕೇಳಿಸಿತು.

"ಅಳಿಯಂದ್ರೇ! ಬಸ್ಸಿಗೆ ಕಾಯ್ಲಿಲ್ಲ, ಪಕ್ಕದ ಮನೆಯವರ ಕಾರು ಸಿಕ್ತು! ಬನ್ನಿ, ಚೀಲ ಹಿಡ್ಕೊಳ್ಳಿ!"

ಮೆತೋದಿ ಓಡಿದ. ಎರಡು ಮೂಟೆ ಮೆಣಸಿನಕಾಯಿ, ಜೊತೆಗೆ ಒಂದು ದೊಡ್ಡ ಸೂಟ್‌ಕೇಸು. ಮೆತೋದಿ ಮೂಟೆ ಬಿಟ್ಟು ಅದನ್ನೇ ನೋಡಿದ. ಮೂರು ದಿನಕ್ಕೆ ಬರುವವರು ಯಾವತ್ತೂ ಒಂದು ಕೈಚೀಲ ಬಿಟ್ಟು ಬೇರೇನೂ ತಂದವರಲ್ಲ.

"ಸೂಟ್‌ಕೇಸ್ ಯಾಕೆ ಅತ್ತೆ?"

"ಆಮೇಲೆ ಹೇಳ್ತೀನಿ. ನಮ್ಮವರೆಲ್ಲಿ?"

"ಬಾಲ್ಕನೀಲಿ... ಗಾಳಿಗೆ ಕೂತಿದಾರೆ. ನೀವು ಮೊದಲು ಕಾಫಿ ಕುಡೀರಿ."

ಅತ್ತೆಯನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟು, "ಊರಲ್ಲಿ ಎಲ್ಲ ಹೇಗಿದಾರೆ?" ಎಂದು ಕೇಳಿದ. ಊರಿನ ಸುದ್ದಿಯನ್ನು ಅವನು ತಾನಾಗಿ ಕೇಳಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ಅಣೆಕಟ್ಟಿನ ಬಾಗಿಲು ತೆರೆದ ಹಾಗಾಯಿತು. ಆ ಪ್ರವಾಹದ ನಡುವೆ ಆತ ಮೆಲ್ಲಗೆ ಬಾಲ್ಕನಿಗೆ ಜಾರಿ, ತಡೆಗೋಡೆಯಾಚೆ ಪಿಸುಗುಟ್ಟಿದ: "ಮಾವ, ಕೊಟ್ಬಿಡಿ!"

"ಇನ್ನೂ ಹಸಿ ಇದೆ ಕಣಯ್ಯ!"

"ಇರಲಿ, ಕೊಡಿ!"

ಎರಡು ಬಾಲ್ಕನಿಗಳ ನಡುವೆ ಒಂದು ಮೊಳ ಸಂದು. ಕೆಳಗೆ ನಾಲ್ಕು ಮಹಡಿ ಆಳ. ತಲೆದಿಂಬಿನ ಚೀಲದಲ್ಲಿ ಸುತ್ತಿದ ಯಂತ್ರವನ್ನು ಸ್ಟಾಮೆನ್ ಮಾವ ಹೊರಗೆ ಚಾಚಿದರು. ಮೆತೋದಿ ಕಂಬಿಯ ಮೇಲೆ ಹೊಟ್ಟೆಯೂರಿ ಕೈ ನೀಡಿದ. ಚೀಲ ಜಾರಿತು. ಕೆಳಗೆ ಹೋದದ್ದು ಬರೀ ಚೀಲ. ಯಂತ್ರ ಅವನ ತೋಳಿನಲ್ಲಿ ಉಳಿದಿತ್ತು. ಆತ ಅಲ್ಲೇ ನೆಲದ ಮೇಲೆ ಕೂತ.

"ಏನು ಅಳಿಯಂದ್ರೇ, ನಮ್ಮವರನ್ನ ಅಪ್ಪಿಕೊಂಡು ಕೂತಿದೀರಿ!" ಎನ್ನುತ್ತ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಹಳೇ ನೆನಪು ಅತ್ತೆ," ಎಂದ.

ಅತ್ತೆ ಕುರ್ಚಿ ಎಳೆದುಕೊಂಡು, ಶಿಲುಬೆಯ ಗುರುತು ಮಾಡಿ, ಪ್ಲಗ್ಗು ಚುಚ್ಚಿದರು. ಮೆತೋದಿ ಕಣ್ಣು ಮುಚ್ಚಿದ. ತಡೆಗೋಡೆಯಾಚೆ ಸ್ಟಾಮೆನ್ ಮಾವನ ಉಸಿರು ಕೂಡ ನಿಂತಿತ್ತು. ಢಬ್ ಎನ್ನಲಿಲ್ಲ. ಒಳಗೆ ತಂತಿ ನಸುಗೆಂಪಾಗಿ, ಕೆಂಪಾಗಿ, ನೋಡನೋಡುತ್ತ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅತ್ತೆ ಒಂದು ಕಾಯಿ ಇಳಿಬಿಟ್ಟು ಮುಚ್ಚಿದರು. ಒಂದೇ ನಿಮಿಷ. ಚಟಚಟ ಸದ್ದಾಯಿತು. ಮುಚ್ಚಳ ತೆಗೆದರೆ ಸಿಪ್ಪೆ ಅಂಗಿ ಬಿಚ್ಚಿದ ಹಾಗೆ ಕಳಚಿ ಬಿದ್ದಿತ್ತು.

ಅತ್ತೆ ಮಾತಾಡಲಿಲ್ಲ. ಮದುವೆಯಾದಂದಿನಿಂದ ಮೆತೋದಿ ಅವರ ಮೌನ ಕೇಳಿದ್ದು ಅದೇ ಮೊದಲು. ಇನ್ನೊಂದು ಕಾಯಿ ಹಾಕಿದರು. ಮತ್ತೆ ಒಂದೇ ನಿಮಿಷ. ಅವರ ಕಣ್ಣಿಂದ ನೀರು ಇಳಿಯತೊಡಗಿತು.

ಗೆದ್ದೆ ಎಂದುಕೊಂಡ ಮೆತೋದಿ. ಖುಷಿಗೆ ಅವನ ಕಣ್ಣೂ ತುಂಬಿತು. "ಚೆನ್ನಾಗಿ ಉರೀತಾ ಇದಾರೆ ಅಲ್ವಾ ಅತ್ತೆ? ಇನ್ನೇನು ಚಿಂತೆ ಇಲ್ಲ. ನೀವು ಆರಾಮಾಗಿ ಹಳ್ಳೀಲಿ..."

"ಇನ್ನು ಯಾವ ಹಳ್ಳಿ ಅಳಿಯಂದ್ರೇ!" ಅತ್ತೆ ಅಂಗಿಯ ತೋಳಿನಲ್ಲೇ ಮೂಗೊರೆಸಿಕೊಂಡರು. "ಹೋದ ವರ್ಷವೇ ಇವರಿಗೆ ಕಾವು ಸಾಲ್ತಿರಲಿಲ್ಲ. ಒಂದು ಕಾಯಿಗೆ ಹತ್ತು ನಿಮಿಷ. ಈ ಸಲ ಆರಿಹೋಗ್ತಾರೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡು, ಮನೆಗೆ ಬೀಗ ಹಾಕಿ, ಗಂಟುಮೂಟೆ ಕಟ್ಟಿದ್ದೆ. ಇಲ್ಲಿಂದ ನೇರ ಬುರ್ಗಾಸಿಗೆ, ತಂಗಿ ಹತ್ರ. ಸಾಯೋ ತನಕ ಅಲ್ಲೇ ಇರೋಣ ಅಂತ."

"ಬುರ್ಗಾಸಿಗಾ?" ಎಂದ ಮೆತೋದಿ. "ಆರಿದ್ರೆ... ಬುರ್ಗಾಸಿಗಾ?"

"ಮತ್ತೆ? ನಿಮಗೆ ಯಾಕೆ ಭಾರವಾಗ್ಲಿ ಅಂತ. ಆದ್ರೆ ಇಲ್ಲಿ ನೋಡಿ, ನಿಮ್ಮನೇಲಿ ಇವರು ಮತ್ತೆ ಹುಡುಗ ಆಗಿದಾರೆ! ಮದುವೆಯಾದ ಹೊಸದರಲ್ಲೂ ಇಷ್ಟು ಬಿಸಿ ಇರಲಿಲ್ಲ. ಇವರು ಇರೋ ಕಡೆ ನಾನಿರಬೇಕಲ್ವಾ? ಆ ಚಿಕ್ಕ ಕೋಣೆ ಸಾಕು ನಂಗೆ."

ಮೆತೋದಿಯ ಕೈ ಪಕ್ಕದಲ್ಲಿದ್ದ ನೀರಿನ ತಂಬಿಗೆಯ ಕಡೆ ತಾನಾಗಿಯೇ ಹೊರಟಿತು. ಅತ್ತೆ ಥಟ್ಟನೆ ಅದನ್ನು ಎತ್ತಿ ಅತ್ತ ಇಟ್ಟರು. "ನೀರು ಹತ್ರ ತರ್ಬೇಡಿ. ಅವರಿಗೆ ಆಗಲ್ಲ."

ತಡೆಗೋಡೆಯಾಚೆಯಿಂದ ಸ್ಟಾಮೆನ್ ಮಾವನ ಬೋಳುತಲೆ ಹೆಮ್ಮೆಯಿಂದ ಮೇಲೆದ್ದಿತು. "ನಮಸ್ಕಾರ ವೆಲಿಚ್ಕಮ್ಮ! ನಿಮ್ಮ ಯಜಮಾನರ ಕೈಗುಣ ನೋಡಿ. ಇನ್ನು ಮೂವತ್ತು ವರ್ಷ ಇದಕ್ಕೆ ಏನೂ ಆಗಲ್ಲ, ಬೇಕಾದ್ರೆ ಬರ್ಕೊಡ್ತೀನಿ!"

ಸೂಟ್‌ಕೇಸನ್ನು ಚಿಕ್ಕ ಕೋಣೆಯೊಳಗೆ ಇಟ್ಟು, ಮೆತೋದಿ ಚದುರಂಗದ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಚ್ಚಲುಮನೆಗೆ ನಡೆದ. ವಾಷಿಂಗ್ ಮೆಷಿನ್ನು ಆಗಲೇ ತಿರುಗುತ್ತಿತ್ತು. ಅವನು ಸೂಟ್‌ಕೇಸು ಸಾಗಿಸುವಷ್ಟರಲ್ಲೇ ಅತ್ತೆ ಬಟ್ಟೆ ಹಾಕಿದ್ದರು.